ಮೊದಲು ಬಿಸಿಲು, ಆಮೇಲೆ ಮರಿ

ಮೊಟ್ಟೆಯೊಡೆದು ಬಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಯ ಮರಿಯನ್ನು ಬಾಲದ ತುದಿಯವರೆಗೆ ಅಳೆದರೂ ಸುಮಾರು 10 ಸೆಂಟಿಮೀಟರ್ ಉದ್ದ, ತೂಕ ಎರಡು ಮೂರು ಗ್ರಾಂ. ಅದೇ ಮರಿ ಒಂದೂವರೆ ವರ್ಷದೊಳಗೆ 45ರಿಂದ 60 ಸೆಂಟಿಮೀಟರ್ ಉದ್ದದ, 300ರಿಂದ 500 ಗ್ರಾಂ ತೂಗುವ ಪ್ರಾಣಿಯಾಗುತ್ತದೆ. ತೂಕದಲ್ಲಿ ನೂರು ಪಟ್ಟಿಗೂ ಮಿಕ್ಕ ಬೆಳವಣಿಗೆ ಇದು, ಅದರಲ್ಲೂ ದೊಡ್ಡ ಪಾಲು ಮೊದಲ ವರ್ಷದಲ್ಲೇ ಆಗಿಹೋಗುತ್ತದೆ. ಇಷ್ಟು ಅವಸರದಲ್ಲಿ ಕಟ್ಟಬೇಕಾದ ಎಲುಬಿಗೆ ಸುಣ್ಣದ ಅಂಶ ಎಲ್ಲಿಂದ ಬರಬೇಕು, ಬಂದದ್ದು ಎಲುಬಿನವರೆಗೆ ತಲುಪುವುದು ಹೇಗೆ? ಮರಿಯ ಆರೈಕೆಯ ಮುಕ್ಕಾಲು ಪಾಲು ಈ ಎರಡು ಪ್ರಶ್ನೆಗಳಲ್ಲೇ ಅಡಗಿದೆ. ಆದರೆ ಹೊಸಬರ ಕೈಗೆ ಮರಿಯ ಜೊತೆ ಬರುವ ಸರಂಜಾಮು ನೋಡಿದರೆ ಈ ಪ್ರಶ್ನೆ ಯಾರ ತಲೆಗೂ ಹೊಳೆದಂತೆ ಕಾಣುವುದಿಲ್ಲ: ಒಂದು ಗಾಜಿನ ಪೆಟ್ಟಿಗೆ, ಒಂದು ಕೆಂಪು ಬಲ್ಬು, ಬಣ್ಣದ ಮರಳಿನ ಚೀಲ, ಪ್ಲಾಸ್ಟಿಕ್ ಕಳ್ಳಿ, ಕ್ಯಾಲ್ಷಿಯಂ ಪುಡಿಯ ಡಬ್ಬಿ. ನೋಡಲಿಕ್ಕೆ ಮರುಭೂಮಿಯಂತಿದ್ದರೂ ಮರುಭೂಮಿಯ ಬಿಸಿಲು ಮಾತ್ರ ಅದರಲ್ಲಿಲ್ಲ. ಹೊಸಬರಿಗೆ ಹೇಳಿ ಮಾಡಿಸಿದ ಸುಲಭದ ಸಾಕುಪ್ರಾಣಿ ಎಂದು ಇದನ್ನು ಕೊಂಡಾಡುವವರ ಮಾತಿನಲ್ಲಿ ಅರ್ಧ ನಿಜವಿದೆ. ಪ್ರಾಣಿ ಸಾಧು, ಕಚ್ಚುವುದು ಅಪರೂಪ, ಹಗಲಿನಲ್ಲಿ ಎಚ್ಚರವಿರುತ್ತದೆ, ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತದೆ. ಸುಲಭವಲ್ಲದ್ದು ಅದರ ಬಿಸಿಲು. ಆದ್ದರಿಂದ ಮರಿ ಸಾಕಲು ಹೊರಟವರು ದುಡ್ಡನ್ನೂ ಗಮನವನ್ನೂ ಮೊದಲು ದೀಪದ ಮೇಲೆ, ಆಮೇಲೆ ಪೆಟ್ಟಿಗೆಯ ಮೇಲೆ, ಕೊನೆಗೆ ಪ್ರಾಣಿಯ ಮೇಲೆ ಹಾಕಬೇಕು ಎಂಬುದು ನನ್ನ ವಾದ. ಈಗ ಆಗುತ್ತಿರುವುದು ಸರಿಯಾಗಿ ಇದರ ತಿರುಗುಮುರುಗು.

ಈ ಪ್ರಾಣಿಯ ತವರು ಆಸ್ಟ್ರೇಲಿಯಾದ ಒಳನಾಡು. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್‌ನ ಒಣ ಬಯಲುಗಳಿಂದ ದಕ್ಷಿಣ ಆಸ್ಟ್ರೇಲಿಯಾ, ನಾರ್ದರ್ನ್ ಟೆರಿಟರಿಯವರೆಗೆ ಕುರುಚಲು ಕಾಡಿನಲ್ಲಿ ಬದುಕುತ್ತದೆ. ಮರದ ಬೊಡ್ಡೆ, ಬೇಲಿಗೂಟ, ಬಿದ್ದ ಕೊಂಬೆ, ಹೀಗೆ ಸ್ವಲ್ಪ ಎತ್ತರದ ಜಾಗ ಹಿಡಿದು ಬೆಳಗಿನಿಂದಲೇ ಬಿಸಿಲಿಗೆ ಮೈಯೊಡ್ಡಿ ಕೂರುವುದು ಅದರ ದಿನಚರಿ. ನಮ್ಮ ಬೇಲಿಗಳ ಮೇಲೆ ತಲೆ ಕುಣಿಸುತ್ತ ಕೂರುವ ಓತಿಕ್ಯಾತನ ಕುಟುಂಬವೂ ಇದೇ. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಓದಿದವರು ಬೆನ್ನು ಹತ್ತಿ ಹೋದ ಹಾರುವ ಓತಿಯೂ ಇವೆರಡಕ್ಕೂ ದಾಯಾದಿ. ಹಾಗಾಗಿ ಬಿಯರ್ಡೆಡ್ ಡ್ರ್ಯಾಗನ್ ಹೇಗೆ ಬದುಕುತ್ತದೆಂದು ಅರಿಯಲು ಸಾಕುಪ್ರಾಣಿ ಪುಸ್ತಕಕ್ಕಿಂತ ಮೊದಲು ಬೆಳಿಗ್ಗೆ ಎಂಟೂವರೆಗೆ ಕಾಂಪೌಂಡ್ ಗೋಡೆಯ ಮೇಲಿನ ಓತಿಯನ್ನು ಅರ್ಧ ಗಂಟೆ ನೋಡಿದರೆ ಒಳ್ಳೆಯದು. ಮೊದಲು ಮೈ ಕಪ್ಪಗೆ ಮಾಡಿಕೊಂಡು, ಪಕ್ಕೆ ಚಪ್ಪಟೆಯಾಗಿಸಿ ಸೂರ್ಯನಿಗೆ ಒಡ್ಡುತ್ತದೆ. ಮೈ ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ. ಇನ್ನೂ ಕಾದರೆ ಬಾಯಿ ತೆರೆದು, ನೆರಳಿಗೆ ಜಾರುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಮಾಡುವುದೂ ಇದನ್ನೇ. ನೆತ್ತಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಒಂದು ತಿಳಿ ಚುಕ್ಕೆ ಕಾಣುತ್ತದೆ. ಅದು ಚಿತ್ರ ಕಾಣದ, ಆದರೆ ಬೆಳಕಿನ ಏರಿಳಿತ ಅರಿಯುವ ಮೂರನೆಯ ಕಣ್ಣು. ಆಸ್ಟ್ರೇಲಿಯಾ ತನ್ನ ವನ್ಯಪ್ರಾಣಿಗಳ ವಾಣಿಜ್ಯ ರಫ್ತನ್ನು 1960ರ ದಶಕದಿಂದಲೇ ತಡೆದಿರುವುದರಿಂದ ಇಂದು ಜಗತ್ತಿನಾದ್ಯಂತ ಮಾರಾಟವಾಗುವ ಮರಿಗಳು ಅಮೆರಿಕ, ಯುರೋಪ್, ಏಷ್ಯಾಗಳಲ್ಲಿ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದ ಸಂತತಿ. ಪಂಜರದಲ್ಲಿ ಹುಟ್ಟಿದ್ದಕ್ಕೆ ಅವು ಪಂಜರಕ್ಕೆ ಒಗ್ಗಿವೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಸ್ವಭಾವದ ಮಟ್ಟಿಗೆ ಅದು ಸ್ವಲ್ಪ ನಿಜವಿರಬಹುದು. ಆದರೆ ಹತ್ತಾರು ತಲೆಮಾರುಗಳಲ್ಲಿ ಚರ್ಮ, ಮೂತ್ರಪಿಂಡ, ಎಲುಬಿನ ರಸಾಯನ ಬದಲಾಗುವುದಿಲ್ಲ.

ಬಿಸಿಲು ಎಂದಾಗ ಅದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ: ಶಾಖ ಮತ್ತು ಅತಿನೇರಳೆ ಕಿರಣ. ಇವೆರಡನ್ನೂ ಒಂದೇ ಎಂದು ಬಗೆಯುವುದರಿಂದಲೇ ಅರ್ಧ ಮರಿಗಳು ಕೆಡುವುದು. ಮೊದಲು ಶಾಖದ ಮಾತು. ಈ ಪ್ರಾಣಿಗೆ ತನ್ನ ಮೈಯನ್ನು ತಾನೇ ಕಾಯಿಸಿಕೊಳ್ಳುವ ಒಲೆ ಇಲ್ಲ. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮಾತ್ರ ಜೀರ್ಣರಸಗಳು, ಸ್ನಾಯುಗಳು, ರೋಗನಿರೋಧಕ ಶಕ್ತಿ ಸರಿಯಾಗಿ ನಡೆಯುತ್ತವೆ. ತಣ್ಣಗಿನ ಪೆಟ್ಟಿಗೆಯಲ್ಲಿ ಹೊಟ್ಟೆ ತುಂಬ ತಿಂದ ಮರಿಯ ಹೊಟ್ಟೆಯಲ್ಲೇ ಹುಳುಗಳು ಕೊಳೆಯುತ್ತವೆ. ಆದ್ದರಿಂದ ಪೆಟ್ಟಿಗೆಯ ಒಂದು ತುದಿಯಲ್ಲಿ ಕಲ್ಲಿನದೋ ಮರದ್ದೋ ಒಂದು ಕಟ್ಟೆ, ಅದರ ಮೇಲ್ಮೈ 40ರಿಂದ 42 ಡಿಗ್ರಿ. ಇನ್ನೊಂದು ತುದಿಯ ಗಾಳಿ 25ರಿಂದ 28 ಡಿಗ್ರಿ. ರಾತ್ರಿ ದೀಪವೆಲ್ಲ ಆರಿಸಿ 20ರ ಆಸುಪಾಸಿಗೆ ಇಳಿಯಲು ಬಿಡಬೇಕು. ಇಲ್ಲಿ ಸಂಖ್ಯೆಗಳಿಗಿಂತ ದೊಡ್ಡದು ಅವುಗಳ ನಡುವಿನ ಅಂತರ. ಇಡೀ ಪೆಟ್ಟಿಗೆ ಒಂದೇ ಸಮನೆ ಕಾದಿದ್ದರೆ ಮರಿ ಬೇಯುತ್ತದೆ, ಏಕೆಂದರೆ ನೆರಳಿಗೆ ಓಡುವ ಅದರ ಒಂದೇ ಒಂದು ಉಪಾಯವನ್ನು ನಾವು ಕಿತ್ತುಕೊಂಡಿರುತ್ತೇವೆ. ಶಾಖ ಈ ಜೀವಿಯಲ್ಲಿ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಒಂದು ವಿಸ್ಮಯಕರ ಸಾಕ್ಷಿ ಇದೆ. ಗಂಡಿನ ವರ್ಣತಂತು ಹೊತ್ತ ಭ್ರೂಣ, ಕಾವಿನ ಉಷ್ಣತೆ 32 ಡಿಗ್ರಿ ದಾಟಿ ಏರಿದರೆ, ಹೆಣ್ಣಾಗಿ ಬೆಳೆಯಬಲ್ಲದು. ಪ್ರಯೋಗಾಲಯದಲ್ಲಿ ಮೊದಲೇ ಗೊತ್ತಿದ್ದ ಈ ಸಂಗತಿ ಕಾಡಿನಲ್ಲೂ ನಡೆಯುತ್ತಿದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಗಂಡೋ ಹೆಣ್ಣೋ ಎಂಬುದನ್ನೇ ನಾಲ್ಕಾರು ಡಿಗ್ರಿ ತೀರ್ಮಾನಿಸುವ ಪ್ರಾಣಿಯ ಮುಂದೆ 'ಅಂದಾಜಿಗೆ ಬೆಚ್ಚಗಿದೆ' ಎಂಬ ಮಾತು ನಡೆಯುವುದಿಲ್ಲ. ಗಾಜಿಗೆ ಅಂಟಿಸುವ ದುಂಡನೆಯ ಥರ್ಮಾಮೀಟರ್ ಗಾಜಿನ ಉಷ್ಣತೆ ಹೇಳುತ್ತದೆಯೇ ಹೊರತು ಮರಿ ಕೂರುವ ಕಲ್ಲಿನದ್ದನ್ನಲ್ಲ. ಕಲ್ಲಿಗೆ ಗುರಿ ಹಿಡಿದು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು, ಗಾಳಿಗೆ ತಂತಿ ಇಳಿಬಿಡುವ ಡಿಜಿಟಲ್ ಥರ್ಮಾಮೀಟರ್ ಎರಡು, ಬಲ್ಬಿಗೆ ಒಂದು ಥರ್ಮೋಸ್ಟಾಟ್, ಇಷ್ಟು ಕನಿಷ್ಠ. ಒಳಗೇ ಕಾಯುವ 'ಹಾಟ್ ರಾಕ್' ಎಂಬ ಬಿಸಿಕಲ್ಲು ಬೇಡವೇ ಬೇಡ. ಸೂರ್ಯ ಮೇಲಿನಿಂದ ಕಾಯಿಸುತ್ತಾನೆಂದು ನಂಬಿ ಹುಟ್ಟಿದ ಪ್ರಾಣಿಗೆ ಹೊಟ್ಟೆಯಡಿಯ ಸುಡುವಿಕೆ ಬೇಗ ಗೊತ್ತಾಗದೆ ಚರ್ಮವೇ ಬೆಂದುಹೋಗುತ್ತದೆ.

ಎರಡನೆಯದು ಕಣ್ಣಿಗೆ ಕಾಣದ್ದು, ಅದಕ್ಕೇ ಹೆಚ್ಚು ಮರೆಯುವಂಥದ್ದು. ಸೂರ್ಯನ ಬೆಳಕಿನಲ್ಲಿ ಯುವಿಬಿ ಎಂಬ ಅತಿನೇರಳೆ ಪಟ್ಟಿಯೊಂದಿದೆ. ಅದು ಚರ್ಮಕ್ಕೆ ಬಿದ್ದಾಗ ಅಲ್ಲಿನ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತು ರೂಪ ಬದಲಿಸಿ, ಮೈಯ ಶಾಖದಲ್ಲಿ ವಿಟಮಿನ್ ಡಿ3 ಆಗುತ್ತದೆ. ಅಲ್ಲಿಂದ ಪಿತ್ತಜನಕಾಂಗಕ್ಕೆ, ಮೂತ್ರಪಿಂಡಕ್ಕೆ ಹೋಗಿ ಹದಗೊಂಡ ಮೇಲೆ, ಕರುಳಿನಲ್ಲಿರುವ ಕ್ಯಾಲ್ಷಿಯಂ ರಕ್ತಕ್ಕೆ ಬರಲು ಬಾಗಿಲು ತೆರೆಯುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ತಿಂದ ಕ್ಯಾಲ್ಷಿಯಂ ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಆಗ ದೇಹ ತನಗೆ ಬೇಕಾದ ಸುಣ್ಣವನ್ನು ಎಲುಬಿನಿಂದಲೇ ಕಿತ್ತುಕೊಳ್ಳುತ್ತದೆ, ಏಕೆಂದರೆ ಹೃದಯದ ಬಡಿತಕ್ಕೂ ಸ್ನಾಯುವಿನ ಚಲನೆಗೂ ರಕ್ತದಲ್ಲಿ ಕ್ಯಾಲ್ಷಿಯಂ ಇರಲೇಬೇಕು. ಪಶುವೈದ್ಯರು ಇದನ್ನು ಮೆಟಬಾಲಿಕ್ ಬೋನ್ ಡಿಸೀಸ್ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಅದು ಹೀಗಿರುತ್ತದೆ: ಮೊದಲಿಗೆ ಮರಿ ಬೇಟೆಗೆ ಹಾರಿ ಗುರಿ ತಪ್ಪುತ್ತದೆ, ಸೋಮಾರಿಯಾಗಿದೆ ಎಂದುಕೊಳ್ಳುತ್ತೇವೆ. ಆಮೇಲೆ ನಡೆಯುವಾಗ ಹೊಟ್ಟೆ ನೆಲ ಬಿಟ್ಟು ಏಳುವುದಿಲ್ಲ. ಕಾಲಿನ ಬೆರಳುಗಳು ಸುಮ್ಮನಿದ್ದಾಗಲೂ ಅದುರುತ್ತವೆ. ಮುಂಗಾಲು ಉಬ್ಬಿ ದಪ್ಪಗಾದಂತೆ ಕಂಡು 'ಚೆನ್ನಾಗಿ ಬೆಳೆಯುತ್ತಿದೆ' ಎಂದು ಮನೆಯವರು ಹಿಗ್ಗುವುದೂ ಉಂಟು. ಅದು ಮೆತ್ತಗಾದ ಎಲುಬಿಗೆ ದೇಹ ಹಾಕಿಕೊಂಡ ನಾರಿನ ಪಟ್ಟಿ. ಕೆಳದವಡೆ ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಬಾಗುವ ಹೊತ್ತಿಗೆ ಹುಳುವನ್ನು ಕಚ್ಚಿ ಅಗಿಯುವ ಶಕ್ತಿಯೂ ಉಳಿದಿರುವುದಿಲ್ಲ. ಆ ಹಂತದಿಂದ ಬದುಕಿ ಬಂದ ಮರಿಗಳಿಗೂ ಡೊಂಕು ಬೆನ್ನು, ಸೊಟ್ಟ ದವಡೆ ಜೀವನಪೂರ್ತಿ ಉಳಿಯುತ್ತವೆ. ವಯಸ್ಕ ಪ್ರಾಣಿ ಕಟ್ಟಿದ ಎಲುಬಿನ ಉಳಿತಾಯದಲ್ಲಿ ಕೆಲವು ತಿಂಗಳು ತಳ್ಳಬಲ್ಲದು. ದಿನದಿನಕ್ಕೆ ಎಲುಬು ಕಟ್ಟುತ್ತಿರುವ ಮರಿಗೆ ಕೆಲವೇ ವಾರಗಳ ಗಡುವು.

ಇದಕ್ಕೆ ಅಂಗಡಿಯ ಕಡೆಯಿಂದ ಬರುವ ಮೊದಲ ಆಕ್ಷೇಪ, ಡಿ3 ಬೆರೆಸಿದ ಪುಡಿ ಹಾಕಿದರಾಯಿತಲ್ಲ, ದುಬಾರಿ ದೀಪವೇಕೆ ಎಂಬುದು. ಮಾತು ತರ್ಕಬದ್ಧವಾಗಿಯೇ ಇದೆ. ಬಿಸಿಲು ಕೊನೆಗೂ ಮಾಡುವುದು ಡಿ3ಯನ್ನೇ ಆದರೆ ಅದನ್ನು ಬಾಯಿಯಿಂದ ಕೊಟ್ಟರೇನು? ಈ ಪ್ರಶ್ನೆಯನ್ನು ಇದೇ ಪ್ರಾಣಿಯ ಮರಿಗಳ ಮೇಲೆ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ್ದಾರೆ. ಹುಟ್ಟಿದಾಗಿನಿಂದ ಕೆಲವಕ್ಕೆ ದಿನವೂ ಯುವಿಬಿ ದೀಪ, ಕೆಲವಕ್ಕೆ ಬಾಯಿಯ ಮೂಲಕ ಬೇರೆ ಬೇರೆ ಪ್ರಮಾಣದ ಡಿ3. ದೀಪ ಕಂಡ ಮರಿಗಳ ರಕ್ತದಲ್ಲಿ ಡಿ3ಯ ಉತ್ಪನ್ನಗಳ ಮಟ್ಟಕ್ಕೂ ಬಾಯಿಯಿಂದ ಪಡೆದವುಗಳ ಮಟ್ಟಕ್ಕೂ ಅಜಗಜಾಂತರವಿತ್ತು. ಪುಡಿ ದೀಪಕ್ಕೆ ಸಾಟಿಯಾಗಲಿಲ್ಲ. ಹಾಗಾದರೆ ಪುಡಿಯ ಪ್ರಮಾಣ ಏರಿಸೋಣ ಎನ್ನುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಚರ್ಮದಲ್ಲಿ ತಯಾರಾಗುವ ಡಿ3ಗೆ ಒಂದು ಸ್ವಯಂ ನಿಯಂತ್ರಣವಿದೆ: ಬೇಕಾದ್ದಕ್ಕಿಂತ ಹೆಚ್ಚಾದರೆ ಅದೇ ಬೆಳಕು ಅದನ್ನು ನಿರುಪಯೋಗಿ ವಸ್ತುಗಳಾಗಿ ಒಡೆದುಹಾಕುತ್ತದೆ. ಬಾಯಿಯಿಂದ ಹೋದದ್ದಕ್ಕೆ ಅಂಥ ತಡೆ ಇಲ್ಲ. ಅದು ಮಿತಿ ಮೀರಿದರೆ ಸುಣ್ಣ ಎಲುಬು ಬಿಟ್ಟು ರಕ್ತನಾಳ, ಮೂತ್ರಪಿಂಡಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಪುಡಿ ಬೇಡವೆಂದಲ್ಲ. ಒಳ್ಳೆಯ ದೀಪವಿದ್ದಾಗ ಡಿ3 ಇಲ್ಲದ ಸಾದಾ ಕ್ಯಾಲ್ಷಿಯಂ ಪುಡಿಯನ್ನು ದಿನವೂ ಧೈರ್ಯವಾಗಿ ಬಳಸಬಹುದು, ಎಷ್ಟು ಹೀರಬೇಕೆಂಬ ಲೆಕ್ಕವನ್ನು ಮರಿಯ ದೇಹವೇ ನೋಡಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ ನಮ್ಮ ನಾಡಿನದು, ಹೆಚ್ಚು ಬಲವಾದದ್ದು ಕೂಡ. ಲಂಡನ್ನಿನವರು ದೀಪ ಹಾಕಲಿ, ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಬಿಸಿಲಿಗೇನು ಬರ, ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟರೆ ಸಾಲದೇ? ಸಾಲದು. ಸಾಮಾನ್ಯ ಕಿಟಕಿ ಗಾಜು ಯುವಿಬಿಯನ್ನು ಬಹುಪಾಲು ತಡೆದುಬಿಡುತ್ತದೆ, ಶಾಖವನ್ನು ಒಳಗೆ ಬಿಟ್ಟು ಹಿಡಿದಿಡುತ್ತದೆ. ಅಂದರೆ ಬೇಕಾದದ್ದು ಹೊರಗೇ ಉಳಿದು, ಕೊಲ್ಲುವಂಥದ್ದು ಒಳಗೆ ಸೇರುತ್ತದೆ. ಬಾಲ್ಕನಿಯ ಬಿಸಿಲಿನಲ್ಲಿಟ್ಟ ಗಾಜಿನ ಪೆಟ್ಟಿಗೆ ಹತ್ತಿಪ್ಪತ್ತು ನಿಮಿಷದಲ್ಲಿ ಮರಿಯನ್ನು ಸಾಯಿಸಬಲ್ಲದು. ಆದರೆ ಆಕ್ಷೇಪದ ತಿರುಳನ್ನು ತಳ್ಳಿಹಾಕುವಂತಿಲ್ಲ. ಗಾಜಿಲ್ಲದ, ನೇರವಾದ ಬಿಸಿಲಿಗೆ ಸಮನಾದ ದೀಪ ಜಗತ್ತಿನಲ್ಲಿಲ್ಲ. ಮರಿಗೆ ಬಿಸಿಲು ಕಾಯುವ ಜಾಗದಲ್ಲಿ ಬೇಕಾದ ಯುವಿ ಸೂಚ್ಯಂಕ 3ರಿಂದ 5. ಬೆಂಗಳೂರಿನ ಬೇಸಿಗೆಯ ನಡುಮಧ್ಯಾಹ್ನದಲ್ಲಿ ಅದು 10 ದಾಟುತ್ತದೆ. ಆದ್ದರಿಂದ ಬೆಳಗಿನ ಹೊತ್ತು, ಸುತ್ತಲೂ ತಂತಿಬಲೆ ಇರುವ ಪಂಜರದಲ್ಲಿ, ಅರ್ಧ ಭಾಗಕ್ಕೆ ನೆರಳು ಮಾಡಿ, ಯಾರಾದರೂ ಪಕ್ಕದಲ್ಲೇ ಕೂತು ಇಪ್ಪತ್ತು ಮೂವತ್ತು ನಿಮಿಷ ಕಾಯಿಸಿದರೆ ವಾರಕ್ಕೆ ನಾಲ್ಕು ದಿನವಾದರೂ ಅದು ಬಲು ದೊಡ್ಡ ಉಪಕಾರ. ಪಕ್ಕದಲ್ಲೇ ಕೂರಬೇಕು ಎಂದದ್ದು ಸುಮ್ಮನೆ ಅಲ್ಲ, ಕಾಗೆ ಹದ್ದುಗಳಿಗೆ ಬೆರಳುದ್ದದ ಓತಿ ಸಲೀಸಾದ ತುತ್ತು. ಹಾಗಿದ್ದೂ ಇದರ ಮೇಲೊಂದನ್ನೇ ನೆಚ್ಚಲಾಗದ್ದಕ್ಕೆ ಕಾರಣ ನಮ್ಮ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಗಳಲ್ಲಿ ವಾರಗಟ್ಟಲೆ ಮಳೆ ಹಿಡಿದರೆ ಮರಿಯನ್ನು ಹೊರಗೆ ಒಯ್ಯುವ ಮಾತೇ ಇಲ್ಲ. ಮರಿಯ ಎಲುಬಿಗೆ ಅಷ್ಟು ದಿನದ ರಜೆ ಇಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಇನ್ನೊಂದು ತೊಡಕು, ತೇವ. ಒಣಹವೆಗೆ ಹುಟ್ಟಿದ ಈ ಪ್ರಾಣಿಗೆ ಗಾಳಿಯ ತೇವಾಂಶ ಶೇಕಡಾ 30–40ರ ಆಸುಪಾಸು ಹಿತ. ಶೇಕಡಾ 85ರಲ್ಲಿ ತಿಂಗಳುಗಟ್ಟಲೆ, ಅದೂ ತಣ್ಣಗೆ ಇಟ್ಟರೆ ಶ್ವಾಸಕೋಶದ ಸೋಂಕು ಕಟ್ಟಿಟ್ಟ ಬುತ್ತಿ. ಗಾಳಿಯಾಡುವ ಪೆಟ್ಟಿಗೆ, ಬೇಕಾದರೆ ಕೋಣೆಗೆ ತೇವ ಹೀರುವ ಯಂತ್ರ, ಇವನ್ನು ಕರಾವಳಿಯ ಲೆಕ್ಕದಲ್ಲಿ ಸೇರಿಸಿಕೊಳ್ಳಲೇಬೇಕು.

ದೀಪ ಕೊಳ್ಳುವಾಗ ಎಂಥದು ಎಂಬುದು ಮುಖ್ಯ. ಸುರುಳಿ ಸಿಎಫ್‌ಎಲ್ ಆಕಾರದ ಬಲ್ಬುಗಳ ಕಿರಣ ಒಂದು ಅಂಗೈ ಜಾಗಕ್ಕಷ್ಟೇ ಬೀಳುತ್ತದೆ. ಟಿ-5 ಮಾದರಿಯ ಉದ್ದ ಟ್ಯೂಬು, ಸರೀಸೃಪಗಳಿಗೆಂದೇ ಮಾಡಿದ್ದು, ಶೇಕಡಾ 10 ಅಥವಾ 12 ಯುವಿಬಿ ಎಂದು ನಮೂದಿಸಿದ್ದು, ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಉದ್ದವಿದ್ದದ್ದು ಸರಿ. ಕಾಯಿಸುವ ಬಲ್ಬು ಮತ್ತು ಈ ಟ್ಯೂಬು ಎರಡೂ ಒಂದೇ ತುದಿಯಲ್ಲಿರಬೇಕು. ಬಿಸಿ ಒಂದು ಕಡೆ, ಕಿರಣ ಇನ್ನೊಂದು ಕಡೆ ಇರುವ ಸೂರ್ಯ ಎಲ್ಲೂ ಇಲ್ಲ. ಮುಚ್ಚಳದ ಸಣ್ಣ ಜಾಲರಿ ಕಿರಣದ ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧವನ್ನೇ ನುಂಗುತ್ತದೆ ಎಂಬುದನ್ನು ಲೆಕ್ಕ ಹಿಡಿದು ದೂರ ನಿಗದಿ ಮಾಡಬೇಕು. ಇನ್ನೊಂದು ಮೋಸವೆಂದರೆ ಟ್ಯೂಬು ಕಣ್ಣಿಗೆ ಉರಿಯುತ್ತಲೇ ಇರುತ್ತದೆ, ಅದರ ಯುವಿಬಿ ಮಾತ್ರ ತಿಂಗಳು ತಿಂಗಳಿಗೆ ಸೊರಗುತ್ತದೆ. ವರ್ಷಕ್ಕೊಮ್ಮೆ ಬದಲಿಸುವುದು ಖರ್ಚಿನ ಬಾಬ್ತಿನಲ್ಲಿ ಮೊದಲೇ ಬರೆದಿಡಬೇಕಾದ ಮೊತ್ತ. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ಬೆಳಕು, ಉಳಿದಂತೆ ಕಡುಗತ್ತಲೆ. ರಾತ್ರಿಯಿಡೀ ಕೆಂಪು ಬಲ್ಬು ಉರಿಸುವ ಪದ್ಧತಿ ಸರೀಸೃಪಕ್ಕೆ ಕೆಂಪು ಕಾಣುವುದಿಲ್ಲ ಎಂಬ ತಪ್ಪು ನಂಬಿಕೆಯಿಂದ ಬಂದದ್ದು. ಅವಕ್ಕೆ ಕೆಂಪು ಕಾಣುತ್ತದೆ. 2016ರಲ್ಲಿ ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯವರು ಇದೇ ಡ್ರ್ಯಾಗನ್‌ಗಳ ಮಿದುಳಿನ ಅಲೆಗಳನ್ನು ದಾಖಲಿಸಿ, ನಮ್ಮ ಕನಸಿನ ನಿದ್ರೆಯನ್ನೂ ಗಾಢ ನಿದ್ರೆಯನ್ನೂ ಹೋಲುವ ಎರಡು ಹಂತಗಳು ಸುಮಾರು 80 ಸೆಕೆಂಡಿಗೊಂದು ಸುತ್ತಿನಂತೆ ರಾತ್ರಿಯಿಡೀ ತಿರುಗುತ್ತವೆ ಎಂದು ತೋರಿಸಿದರು. ಇಷ್ಟು ಜಟಿಲವಾದ ನಿದ್ರೆಯಿರುವ ಪ್ರಾಣಿಗೆ ಕತ್ತಲೆಯೂ ಒಂದು ಅಗತ್ಯ.

ಬಿಸಿಲು ಸರಿಯಾದರೆ ಊಟದ ಮಾತು ಅರ್ಧ ಮುಗಿದಂತೆ, ಆದರೂ ಅಲ್ಲೊಂದು ಲೆಕ್ಕವಿದೆ. ಮರಿಗೆ ಬೇಕಾದ ಆಹಾರದಲ್ಲಿ ಕ್ಯಾಲ್ಷಿಯಂ ರಂಜಕಕ್ಕಿಂತ ಒಂದೂವರೆ, ಎರಡು ಪಟ್ಟು ಇರಬೇಕು. ಅಂಗಡಿಯಲ್ಲಿ ಸಿಗುವ ಕ್ರಿಕೆಟ್ ಹುಳು, ಮೀಲ್‌ವರ್ಮ್‌ಗಳಲ್ಲಿ ಅದು ತಲೆಕೆಳಗು, ರಂಜಕವೇ ಹಲವು ಪಟ್ಟು ಜಾಸ್ತಿ. ಹುಳುಗಳನ್ನು ಒಂದು ಚೀಲದಲ್ಲಿ ಕ್ಯಾಲ್ಷಿಯಂ ಪುಡಿಯೊಂದಿಗೆ ಅಲುಗಾಡಿಸಿ ಕೊಡುವುದು ಇದಕ್ಕಾಗಿ. ಹುಳುವಿಗೂ ಹಿಂದಿನ ದಿನವೇ ಒಳ್ಳೆಯ ಸೊಪ್ಪು ತಿನ್ನಿಸಿರಬೇಕು. ಹಸಿದ ಹುಳು ಬರಿಯ ಸಿಪ್ಪೆ. ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳು ಬೇಡ. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ತಿನ್ನುವಷ್ಟು. ಉಳಿದ ಕ್ರಿಕೆಟ್‌ಗಳನ್ನು ಆರಿಸಿ ತೆಗೆಯದಿದ್ದರೆ ರಾತ್ರಿ ಅವೇ ಮಲಗಿದ ಮರಿಯನ್ನು ಕಚ್ಚುತ್ತವೆ. ಕೊನೆಯ ಊಟವಾದ ಮೇಲೆ ಒಂದೆರಡು ಗಂಟೆಯಾದರೂ ಶಾಖದ ಬಲ್ಬು ಉರಿಯಬೇಕು. ಕಾಡಿನ ಡ್ರ್ಯಾಗನ್‌ಗಳ ಹೊಟ್ಟೆ ತೊಳೆದು ನೋಡಿದ ಸಂಶೋಧಕರಿಗೆ ಸಿಕ್ಕಿದ್ದರಲ್ಲಿ ಗೆದ್ದಲು ಗಣನೀಯವಾಗಿತ್ತು. ಅಂದಮಾತ್ರಕ್ಕೆ ಮಳೆ ಬಿದ್ದ ಸಂಜೆ ಬೀದಿದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲನ್ನು ಬಾಚಿ ತರಬೇಕಿಲ್ಲ. ಯಾವ ತೋಟದ ಕೀಟನಾಶಕ ಅದರ ಮೈಗಂಟಿದೆಯೋ ಹೇಳುವವರಾರು? ಮಿಣುಕುಹುಳವಂತೂ ವಿಷ. ಅಮೆರಿಕದ ಮಿಣುಕುಹುಳಗಳನ್ನು ತಿಂದು ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತದ್ದು 1990ರ ದಶಕದಲ್ಲೇ ದಾಖಲಾಗಿದೆ. ಕನ್ನಡ ನಾಡಿನವರಿಗೆ ಮಾತ್ರ ಇಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಪಾಶ್ಚಾತ್ಯ ದೇಶಗಳಲ್ಲಿ ಮರಿಗಳಿಗೆಂದು ಡಬ್ಬಿಯಲ್ಲಿ ದುಬಾರಿಗೆ ಮಾರುವ ಮೆತ್ತನೆಯ ರೇಷ್ಮೆ ಹುಳು ರಾಮನಗರ, ಶಿಡ್ಲಘಟ್ಟದ ಸುತ್ತ ಮನೆಮನೆಯ ಕಸುಬು. ಚಾಕಿ ಹುಳುವಿನ, ಅಂದರೆ ಎಳೆಯ ರೇಷ್ಮೆ ಹುಳುವಿನ, ಗಾತ್ರ ಮರಿಯ ಬಾಯಿಗೆ ಹೇಳಿ ಮಾಡಿಸಿದಂತಿದೆ. ಒಂದೇ ಎಚ್ಚರಿಕೆ: ಸಾಕಣೆ ಮನೆಯಲ್ಲಿ ಹುಳುವಿನ ಮೇಲೆ ಸೋಂಕುನಿವಾರಕ ಪುಡಿ ಉದುರಿಸುವ ರೂಢಿ ಇದೆ, ರೋಗ ಬಂದು ಎಸೆದ ಹುಳುಗಳೂ ಇರುತ್ತವೆ. ರೈತರನ್ನು ಕೇಳಿ, ಪುಡಿ ಬೀಳದ, ಆರೋಗ್ಯದ ಹುಳು ತಂದು ಮನೆಯಲ್ಲಿ ಒಂದೆರಡು ದಿನ ಹೊಸ ಸೊಪ್ಪು ಹಾಕಿ ಇಟ್ಟು ಆಮೇಲೆ ಕೊಡಬೇಕು. ಹಿಪ್ಪುನೇರಳೆ ಸೊಪ್ಪನ್ನೂ ಸಣ್ಣಗೆ ಹೆಚ್ಚಿ ಮರಿಗೇ ಕೊಡಬಹುದು. ನುಗ್ಗೆಸೊಪ್ಪು, ದಾಸವಾಳದ ಹೂವು, ತುರಿದ ಸಿಹಿಗುಂಬಳ ಸರಿ. ಪಾಲಕ್, ಬಸಳೆಗಳ ಆಕ್ಸಲೇಟ್ ಕ್ಯಾಲ್ಷಿಯಂಅನ್ನು ಕಟ್ಟಿಹಾಕುವುದರಿಂದ ದಿನದ ಊಟಕ್ಕೆ ಬೇಡ, ಬೆಣ್ಣೆಹಣ್ಣು ಯಾವತ್ತೂ ಬೇಡ. ಮರಿ ಮೊದಮೊದಲು ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ, ಆದರೂ ಬಟ್ಟಲಲ್ಲಿ ದಿನಾ ಇರಲಿ. ವರ್ಷ ದಾಟಿದ ಮೇಲೆ ಅದರ ಊಟದ ಹೆಚ್ಚಿನ ಪಾಲು ಅದೇ ಆಗಬೇಕು.

ಒಂಟಿ ಮರಿಗೆ ಬೇಸರವಾಗುತ್ತದೆಂದು ಜೋಡಿ ತರುವವರಿದ್ದಾರೆ. ಎರಡು ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಮಲಗಿದ ಫೋಟೋ ಕಂಡರೆ ಯಾರಿಗಾದರೂ ಅಕ್ಕತಂಗಿಯರ ಪ್ರೀತಿ ಎನ್ನಿಸುವುದು ಸಹಜ. ಮೇಲಿನದು ಬಿಸಿಲಿನ ಜಾಗ ಕಬಳಿಸಿದೆ, ಕೆಳಗಿನದಕ್ಕೆ ಬೆಳಕು ತಪ್ಪಿದೆ ಎಂಬುದು ಅಲ್ಲಿನ ವಾಸ್ತವ. ತಿಂಗಳೆರಡರಲ್ಲಿ ಒಂದು ಇನ್ನೊಂದರ ಇಮ್ಮಡಿಯಾಗುತ್ತದೆ, ಚಿಕ್ಕದರ ಬಾಲದ ತುದಿ, ಕಾಲ್ಬೆರಳು ಕಚ್ಚಿಸಿಕೊಂಡು ಮೊಂಡಾಗುತ್ತವೆ. ಈ ಜಾತಿಯಲ್ಲಿ ಕಳೆದ ಬಾಲ ಮತ್ತೆ ಬೆಳೆಯುವುದಿಲ್ಲ. ಒಂದು ಕೈ ಎತ್ತಿ ನಿಧಾನಕ್ಕೆ ವೃತ್ತಾಕಾರ ಬೀಸುವುದು 'ಟಾಟಾ' ಅಲ್ಲ, 'ನಿನ್ನ ತಂಟೆಗೆ ಬರುವುದಿಲ್ಲ' ಎಂಬ ಶರಣಾಗತಿ. ದಿನವಿಡೀ ಶರಣಾಗುತ್ತ ಬೆಳೆದ ಮರಿ ಉಣ್ಣುವುದಿಲ್ಲ. ಈ ಪ್ರಾಣಿಗೆ ಸಂಗ ಬೇಡವೆಂದರೆ ಬುದ್ಧಿ ಇಲ್ಲವೆಂದು ತಿಳಿಯಬಾರದು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಇನ್ನೊಂದು ಡ್ರ್ಯಾಗನ್ ಜಾರುಬಾಗಿಲು ತಳ್ಳಿ ತೆರೆಯುವುದನ್ನು ನೋಡಿದವು ತಾವೂ ಹಾಗೇ ತೆರೆದವು. ಇನ್ನು ಪೆಟ್ಟಿಗೆಯ ನೆಲಕ್ಕೆ ಹಾಸುವ ಮರಳಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ಕಾಡಿನಲ್ಲಿ ಮರಳೇ ಇರುತ್ತದಲ್ಲ ಎನ್ನುವವರು ಅಲ್ಲಿನ ನೆಲದಲ್ಲಿ ಗಟ್ಟಿ ಜೇಡಿಯೂ ಇದೆಯೆಂಬುದನ್ನೂ, ಈ ಪ್ರಾಣಿ ಬಹಳ ಹೊತ್ತು ಮರದ ಮೇಲಿರುತ್ತದೆಂಬುದನ್ನೂ ಬಿಟ್ಟು ಮಾತಾಡುತ್ತಾರೆ. ಮರಿಗೆ ಮೊದಲ ತಿಂಗಳುಗಳಲ್ಲಿ ಪೇಪರ್ ಟವೆಲ್ ಅಥವಾ ಒರಟು ಟೈಲ್ಸ್ ಸಾಕು, ಹಿಕ್ಕೆಯೂ ಸ್ಪಷ್ಟವಾಗಿ ಕಾಣುತ್ತದೆ.

'ನಮ್ಮದು ದೀಪ ಗೀಪ ಇಲ್ಲದೆಯೂ ಚೆನ್ನಾಗಿಯೇ ಇದೆ' ಎಂಬ ಆಕ್ಷೇಪವನ್ನು ಎದುರಿಸುವುದು ಕಷ್ಟ, ಏಕೆಂದರೆ ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಬೇಟೆಗೆ ಬಲಿಯಾಗುವ ಚಿಕ್ಕ ಪ್ರಾಣಿಗಳು ನೋವನ್ನು ಮುಚ್ಚಿಡುವುದರಲ್ಲಿ ನಿಪುಣ. ನಾಯಿಯಂತೆ ಕುಂಯ್‌ಗುಡುವುದಿಲ್ಲ, ಬೆಕ್ಕಿನಂತೆ ಮೂಲೆ ಸೇರುವುದಿಲ್ಲ. ಎಲುಬು ಸಾಕಷ್ಟು ಸವೆದರೂ ಹೊರಗೆ ತೋರದಿರಬಹುದು, ಎಕ್ಸ್-ರೇಯಲ್ಲಷ್ಟೇ ಕಾಣುತ್ತದೆ. ಆದ್ದರಿಂದ ಕಣ್ಣಂದಾಜು ಬಿಟ್ಟು ತೂಕ ನೋಡಬೇಕು. ಅಡುಗೆಮನೆಯ ಗ್ರಾಂ ತಕ್ಕಡಿಯಂಥದ್ದೇ ಒಂದನ್ನು ಇದಕ್ಕಾಗಿ ಪ್ರತ್ಯೇಕ ಇಟ್ಟುಕೊಂಡು ವಾರಕ್ಕೊಮ್ಮೆ ಬರೆದಿಟ್ಟರೆ, ಬೆಳೆಯಬೇಕಾದ ವಯಸ್ಸಿನಲ್ಲಿ ತೂಕ ನಿಂತಲ್ಲೇ ನಿಂತದ್ದು ಲಕ್ಷಣ ತೋರುವ ಮುಂಚೆಯೇ ತಿಳಿಯುತ್ತದೆ. ಎಲ್ಲ ಕೇಡಿಗೂ ದೀಪವೇ ಕಾರಣವೆಂದು ನಾನೂ ಹೇಳುವುದಿಲ್ಲ. ಈ ಜಾತಿಯಲ್ಲಿ ವ್ಯಾಪಕವಾಗಿರುವ ಅಡೆನೋವೈರಸ್ ಸೋಂಕು ಮರಿಗಳನ್ನೇ ಹೆಚ್ಚು ಕೊಲ್ಲುತ್ತದೆ, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಕಾಡುತ್ತದೆ. ತಂದ ಹೊಸತರಲ್ಲೇ ಹಿಕ್ಕೆ ಪರೀಕ್ಷೆ ಮಾಡಿಸುವುದು ಇದಕ್ಕೆ. ಮಾಡಿಸುವುದಕ್ಕೆ ಸರೀಸೃಪ ಬಲ್ಲ ಪಶುವೈದ್ಯರು ಬೇಕು. ನಮ್ಮ ಕ್ಲಿನಿಕ್‌ಗಳು ಹೆಚ್ಚಾಗಿ ನಾಯಿ ಬೆಕ್ಕುಗಳ ಮೇಲೆ ನಡೆಯುವಂಥವು, ಪಶು ಆಸ್ಪತ್ರೆಗಳು ದನಕರುಗಳ ಮೇಲೆ. ಅಂಥ ವೈದ್ಯರು ಎಷ್ಟು ದೂರದಲ್ಲಿದ್ದಾರೆಂದು ಮರಿ ತರುವ ಮೊದಲೇ ವಿಚಾರಿಸಬೇಕು. ಮನೆಯವರ ಆರೋಗ್ಯದ ಬಗೆಗೂ ಒಂದು ಮಾತು. ಆರೋಗ್ಯವಂತ ಡ್ರ್ಯಾಗನ್ ಕೂಡ ಕರುಳಿನಲ್ಲಿ ಸಾಲ್ಮೊನೆಲ್ಲಾ ಹೊತ್ತಿರಬಹುದು. 2014ರಲ್ಲಿ ಅಮೆರಿಕದಲ್ಲಿ ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗಳಿಂದಲೇ ಹಲವು ರಾಜ್ಯಗಳಿಗೆ ಸೋಂಕು ಹಬ್ಬಿತ್ತು, ಕಾಯಿಲೆ ಬಿದ್ದವರಲ್ಲಿ ಪುಟ್ಟ ಮಕ್ಕಳೇ ಬಹಳ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದು ತಕ್ಕ ಪ್ರಾಣಿಯಲ್ಲ. ಉಳಿದವರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಅದರ ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿಗೆ ತರಬಾರದು.

ಇಷ್ಟೆಲ್ಲ ಪಾಡು ಪಟ್ಟು ಸಾಕಲೇಬೇಕೆ ಎಂದು ಕೇಳುವವರದ್ದು ಕೊನೆಯ, ಬಹುಶಃ ಅತ್ಯಂತ ಪ್ರಾಮಾಣಿಕ ಆಕ್ಷೇಪ. ಅದಕ್ಕೆ ನನ್ನಲ್ಲಿ ಪೂರ್ತಿ ಎದುರುತ್ತರವಿಲ್ಲ. ತಂತಿ, ಟ್ಯೂಬು, ತಕ್ಕಡಿಗಳ ಗೊಡವೆ ಬೇಡವೆನ್ನುವವರಿಗೆ ಕಾಂಪೌಂಡಿನ ಓತಿಕ್ಯಾತ ಖರ್ಚಿಲ್ಲದೆ ಅದೇ ನಾಟಕ ಆಡಿ ತೋರಿಸುತ್ತದೆ. ಅದನ್ನು ಹಿಡಿದು ತರದೆ ಅಲ್ಲೇ ನೋಡಿದರಾಯಿತು. ನಮ್ಮ ಉಡದಂಥ ಪ್ರಾಣಿಗಳನ್ನಂತೂ ಇಟ್ಟುಕೊಳ್ಳುವುದೇ ವನ್ಯಜೀವಿ ಕಾಯ್ದೆಯಡಿ ಗಂಭೀರ ಅಪರಾಧ. ಹೊರದೇಶದ ಪ್ರಾಣಿ ಸಾಕುವುದಾದರೂ ಕಾಗದಪತ್ರ ಕೇಳದೆ ಕೊಳ್ಳುವ ಕಾಲ ಹೋಯಿತು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರಡಿಯ ನಿಯಮಗಳು, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಸರ್ಕಾರದ 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸಬೇಕು ಎನ್ನುತ್ತವೆ. ಆ ಪಟ್ಟಿ ಆಗಾಗ ಬದಲಾಗುವುದರಿಂದ ಕೊಳ್ಳುವ ದಿನವೇ ನೋಡಿಕೊಳ್ಳಬೇಕು. ಬ್ಯಾಂಕಾಕ್‌ನಿಂದ ಸೂಟ್‌ಕೇಸಿನಲ್ಲಿ ತುರುಕಿ ತಂದ ಸರೀಸೃಪಗಳು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಕೈಗೆ ಸಿಕ್ಕ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿಗದೆ ನುಸುಳಿದವು ಎಲ್ಲಿಗೆ ಹೋಗುತ್ತವೆಂದು ಊಹಿಸುವುದು ಕಷ್ಟವಲ್ಲ. ಎಲ್ಲಿ ಹುಟ್ಟಿದ್ದು, ಯಾರು ಹುಟ್ಟಿಸಿದ್ದು ಎಂಬುದಕ್ಕೆ ಬರೆಹದ ಉತ್ತರ ಕೊಡದವರಿಂದ ಮರಿ ಕೊಳ್ಳಬಾರದು. ಇದೆಲ್ಲ ಸರಿಯಿದ್ದು, ಹತ್ತು ವರ್ಷ ಬದುಕುವ ಪ್ರಾಣಿಗೆ ಮನೆಯಲ್ಲಿ ಜಾಗವೂ ಇದೆ ಎನ್ನುವವರು ವಯಸ್ಕ ಪ್ರಾಣಿಗೆ ಬೇಕಾಗುವ 120 ಸೆಂಟಿಮೀಟರ್ ಉದ್ದ, 60 ಅಗಲದ ಪೆಟ್ಟಿಗೆಯನ್ನೇ ಮೊದಲು ಮಾಡಿಸಿ, ಬಲ್ಬು ಟ್ಯೂಬುಗಳನ್ನು ಜೋಡಿಸಿ, ಮರಿಯಿಲ್ಲದೆ ಖಾಲಿ ಪೆಟ್ಟಿಗೆಯನ್ನು ಒಂದು ವಾರ ಓಡಿಸಬೇಕು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಕಲ್ಲಿನ ಮೇಲೂ ತಣ್ಣನೆಯ ಮೂಲೆಯಲ್ಲೂ ಉಷ್ಣತೆ ಬರೆದಿಡಬೇಕು. ಕರೆಂಟು ಹೋದಾಗ ಎಷ್ಟು ಹೊತ್ತಿನಲ್ಲಿ ತಣ್ಣಗಾಗುತ್ತದೆ, ಏಪ್ರಿಲ್ ಮಧ್ಯಾಹ್ನದಲ್ಲಿ ತಣ್ಣನೆಯ ಮೂಲೆ ನಿಜಕ್ಕೂ ತಣ್ಣಗಿರುತ್ತದೆಯೇ ಎಂಬುದೆಲ್ಲ ಆ ವಾರದಲ್ಲಿ ಗೊತ್ತಾಗುತ್ತದೆ. ಏಳನೆಯ ದಿನವೂ ಅಂಕಿಗಳು ಓಲಾಡುತ್ತಿದ್ದರೆ ಬಲ್ಬಿನ ವ್ಯಾಟ್ ಬದಲಿಸಿ, ಎತ್ತರ ಸರಿಪಡಿಸಿ, ಇನ್ನೊಂದು ವಾರ ನೋಡಬೇಕು. ಮುಂಗಡ ಕೊಟ್ಟ ಮರಿ ಅಷ್ಟು ದಿನ ಸಾಕಿದವರ ಬಳಿಯೇ ಇರಲಿ.